ಕೆಂಪು ದೀಪದಲ್ಲಿ ಕಂಡ ಗೆರೆ

ಪುಣೆಯ ಕಾಲೇಜಿನಲ್ಲಿ ನನಗೂ ನನ್ನ ಗುರುಗಳಿಗೂ ಒಂದು ಗೆರೆಯ ಬಗ್ಗೆ ಜಗಳವಿತ್ತು. ರೇಡಿಯಂ ಅನಿಲದಲ್ಲಿ ಸಣ್ಣ ತಂತಿಯನ್ನಿಟ್ಟರೆ ಅದರ ಮೇಲೆ ಕಣ್ಣಿಗೆ ಕಾಣದಷ್ಟು ಸೀಸ ಕೂರುತ್ತದೆ, ಸಿಡಿಯುತ್ತ ಬೇರೆ ಲೋಹವಾಗುತ್ತದೆ. ಆಗ ಹಾರುವ ಎಲೆಕ್ಟ್ರಾನುಗಳನ್ನು ಅಯಸ್ಕಾಂತದಿಂದ ಬಾಗಿಸಿ ಫೋಟೋ ಗಾಜಿನ ಮೇಲೆ ಬೀಳಿಸುತ್ತಿದ್ದೆವು. ಒಂದೊಂದು ವೇಗಕ್ಕೆ ಒಂದೊಂದು ಗೆರೆ. ತೀರ ಅಂಚಿನಲ್ಲಿ ಓಜೆ ಎಲೆಕ್ಟ್ರಾನುಗಳ ಮಂದ ಗೆರೆ ಬರಲೇಬೇಕು ಎನ್ನುತ್ತಿದ್ದರು ಗುರುಗಳು. ಪರಮಾಣುವಿನ ಒಳಮನೆಯ ಖಾಲಿ ಜಾಗಕ್ಕೆ ಹೊರಗಿನದೊಂದು ಎಲೆಕ್ಟ್ರಾನ್ ಇಳಿದಾಗ, ಮಿಕ್ಕ ಶಕ್ತಿ ಬೆಳಕಾಗದೆ ಇನ್ನೊಂದನ್ನು ಆಚೆ ದಬ್ಬುತ್ತದೆ. ಹಾಗೆ ದಬ್ಬಿಸಿಕೊಂಡವೇ ಓಜೆ ಎಲೆಕ್ಟ್ರಾನುಗಳು.

"ಮೊದಲು ತೋರಿಸಿ, ಆಮೇಲೆ ಹೇಳಿ" ಎನ್ನುತ್ತಿದ್ದೆ ನಾನು. ಚರ್ಚಾಕೂಟಗಳಲ್ಲಿ ವಿರೋಧಪಕ್ಷದಲ್ಲಿ ನಿಂತೇ ಗೆದ್ದವನು. ಇಲ್ಲ ಎನ್ನುವುದು ನನಗೆ ಸಲೀಸು. ಆದರೆ ಆ ಗೆರೆ ಬರಲಿ ಎಂದು ಅವರಿಗಿಂತ ಹೆಚ್ಚು ಹಂಬಲಿಸಿದವನೂ ನಾನೇ.

ಎರಡನೇ ಮಹಾಯುದ್ಧದ ದಿನಗಳು. ಇನ್ನು ಅನಿಲ ಕೊಡುವುದಿಲ್ಲ ಎಂದಿತು, ಕ್ಯಾನ್ಸರ್ ಚಿಕಿತ್ಸೆಗೆ ರೇಡಿಯಂ ಇಟ್ಟಿದ್ದ ಆಸ್ಪತ್ರೆ. ಕೊನೆಯ ಗಾಜನ್ನು ತೊಳೆದು ಗೆರೆ ಎಬ್ಬಿಸುವ ಮದ್ದೂ ಕಾಲೇಜಿನಲ್ಲಿ ಮುಗಿದಿತ್ತು. ಹುಮನಾಬಾದಿನಲ್ಲಿ ಫೋಟೋ ಅಂಗಡಿ ಇಟ್ಟಿದ್ದ ಸೋದರಮಾಮನ ಹತ್ತಿರ ಹಳೆಯ ದಾಸ್ತಾನಿತ್ತು. ಗಾಜನ್ನು ಕಪ್ಪು ಕಾಗದದಲ್ಲಿ ಸುತ್ತಿ, ತೊಡೆಯ ಮೇಲಿಟ್ಟುಕೊಂಡು ಸೋಲಾಪುರದಿಂದ ಬಸ್ಸು ಹತ್ತಿದೆ.

ಕೆಂಪು ದೀಪದಡಿ ಮಾಮಾ ಗಾಜನ್ನು ಬೋಗುಣಿಯ ಮದ್ದಿನಲ್ಲಿ ಅಲುಗಿಸಿದರು. ದಪ್ಪ ಗೆರೆಗಳು ಎದ್ದವು. ಆಮೇಲೆ ಅಂಚಿನಲ್ಲಿ, ಕೂದಲೆಳೆಯಷ್ಟು, ಇದ್ದೂ ಇಲ್ಲದಂತೆ ಏನೋ ಒಂದು.

"ಅಲ್ನೋಡ್ರಿ ಮಾಮಾ!"

"ಹಸಿ ಗಾಜಿನಾಗ ಬೇಕಾದ್ದೆಲ್ಲಾ ಕಾಣತದ ಅಳಿಯಾ. ಒಣಗಲಿ. ನಿಮ್ಮವ್ವ ದಾರಿ ಕಾಯಾಕತ್ತಾಳ, ಕಲ್ಯಾಣಿಗೆ ಹೋಗಿ ಬಾ."

ಗಾಜನ್ನು ಒಣಗಲು ಬಿಟ್ಟು ಹೋದೆ. ನಮ್ಮೂರು ಕಲ್ಯಾಣಿಯಲ್ಲಿ ಅವ್ವ ಬಡಿಸಿದ ರೊಟ್ಟಿಯ ಕಂದಿದ ಅಂಚನ್ನೇ ನೋಡುತ್ತ ಕೂತಿದ್ದೆ.

"ಊಟದ ಕಡಿ ಧ್ಯಾನ ಇಲ್ಲ. ಯಾವ ಹುಡುಗೀನ ಹಚ್ಗೊಂಡೀದಿ?"

"ಹುಡುಗಿ ಅಲ್ಲಬೇ, ಗೆರಿ."

"ಗೆರೀ ಸಂಗಟ ಲಗ್ನ ಆಗ್ತೀಯೇನು?"

ಮರುದಿನ ಹುಮನಾಬಾದಿಗೆ ಮರಳಿದಾಗ ಮಾಮಾ ನಗುತ್ತ ಗಾಜನ್ನು ಕೈಗಿಟ್ಟರು. ಅಂಚಿನ ಗೆರೆ ಕಾಡಿಗೆ ತೀಡಿದಂತೆ ಎದ್ದು ನಿಂತಿತ್ತು. ಸುತ್ತಲಿನ ಮಸುಕು ಮಾಯ.

"ಇದಕ್ಕ ಕೈ ಹಚ್ಚೀರೇನ್ರಿ?"

"ಹಚ್ಚದ ಬಿಡ್ತೀನೇನು? ಮದಿವಿ ಹೆಣ್ಣಿನ ಫೋಟೋನೂ ತಿದ್ದದ ಕೊಡಂಗಿಲ್ಲ ನಾ. ಪೆನ್ಸಿಲ್ಲಿಲೆ ತುಂಬೀನಿ, ಆಜೂಬಾಜೂ ಕಸ ಚಾಕೂಲೆ ಕೆರದೀನಿ. ನಿನಗ ಬೇಕಾದ್ದು ಅದೇ ಹೌದಲ್ಲೋ?"

"ತಿದ್ದೂಕಿಂತ ಮೊದಲ ಅದು ಇತ್ತೇನ್ರಿ?"

ಮಾಮಾ ಗಾಜನ್ನು ಬಾಗಿಲ ಬೆಳಕಿಗೆ ಹಿಡಿದರು. ನಗು ಇಳಿಯಿತು. "ಈಗ ಹ್ಯಾಂಗ ಹೇಳಲಿ ಅಳಿಯಾ? ನಾ ನಿನ್ನ ಮಾರಿ ನೋಡಿ ತುಂಬೀನಿ."

ಪುಣೆಯಲ್ಲಿ ಗುರುಗಳಿಗೆ ಇದ್ದದ್ದು ಇದ್ದಂತೆ ಹೇಳಿದೆ. ಅವರು ಗಾಜನ್ನು ತಿರುಗಿಸಿ ನೋಡಿ ಪಕ್ಕಕ್ಕಿಟ್ಟರು. ತಂತಿಯ ಮೇಲಿನ ಸೀಸ ಸಿಡಿದು ಆಗಲೇ ಮುಗಿದಿತ್ತು, ಹೊಸ ಅನಿಲವಿಲ್ಲದೆ ಇನ್ನೊಂದು ಗಾಜು ತೆಗೆಯುವಂತಿರಲಿಲ್ಲ. ಬೇರೆ ದೇಶದವರ ಗಾಜುಗಳ ಮೇಲೆ ಅಂಥ ಗೆರೆ ಮೂಡಿದ್ದನ್ನು ಮುಂದೆ ಅಚ್ಚಿನಲ್ಲಿ ನೋಡಿದ್ದೇನೆ, ಒಪ್ಪಿದ್ದೇನೆ. ಆದರೆ ನನಗೆ ಬೇಕಾದದ್ದು ಅದಲ್ಲ. ಹುಮನಾಬಾದಿನ ಬೋಗುಣಿಯಲ್ಲಿ, ಕೆಂಪು ದೀಪದಡಿ, ಮಾಮಾ ಕೈ ಹಚ್ಚುವ ಮೊದಲು ಕಂಡದ್ದು.