ಬಾಮೈದನ ಟ್ಯಾಂಕು, ನನ್ನ ಜೀಪು

ನಂಬದೆ ಇರಿ, ನೋಡೋಣ. ನನ್ನ ಜೀಪಿಗೆ ನಾನೇ, ಮನೆಯ ಅಂಗಳದಲ್ಲೇ, ಎರಡನೇ ಡೀಸೆಲ್ ಟ್ಯಾಂಕು ಕೂರಿಸಿದ್ದೇನೆ. ಟ್ಯಾಂಕು ಟ್ರಾಕ್ಟರಿನದು, ಮುಚ್ಚಳ ಚನ್ನಪಟ್ಟಣದ ಬೊಂಬೆ ಮಾಡುವವರದು. ನಮ್ಮೂರು ಕಲ್ಯದಲ್ಲಿ ಇದನ್ನು ಕಣ್ಣಾರೆ ಕಂಡವರೂ ನಂಬುವುದಿಲ್ಲ, ಯಾಕೆಂದರೆ ಹೇಳುತ್ತಿರುವವನು ನಾನು. ಇಷ್ಟು ವರ್ಷ ಊರನ್ನೆಲ್ಲ ಯಾಮಾರಿಸಿಕೊಂಡು ಬಂದವನಿಗೆ ಅಷ್ಟು ಮರ್ಯಾದೆ ಸಿಗಲೇಬೇಕು. ಈ ಕಥೆಯಲ್ಲಿ ನಿಮಗೆಂದು ನಾನು ಕಟ್ಟಿದ ಸುಳ್ಳು ಒಂದೇ ಒಂದು. ಯಾವುದೆಂದು ಕೊನೆಗೆ ಒಪ್ಪಿಕೊಳ್ಳುತ್ತೇನೆ. ಅಲ್ಲಿಯವರೆಗೆ ಹುಡುಕಿಕೊಳ್ಳಿ.

ಜೀಪು ನಾಲ್ಕು ಚಕ್ರವೂ ಎಳೆಯುವ ಜಾತಿಯದು. ಗೇರಿನ ಪಕ್ಕದಲ್ಲಿ ಇನ್ನೊಂದು ಗಿಡ್ಡ ಕೋಲಿದೆ. ಅದನ್ನು ಎಳೆದರೆ ಮುಂದಿನ ಚಕ್ರಗಳೂ ದುಡಿಯುತ್ತವೆ. ಈ ಕಥೆಗೆ ಮುಂಚೆ ನಾನು ಅದನ್ನು ಎಳೆದದ್ದು ಎರಡೇ ಸಲ. ಒಮ್ಮೆ ಕೆರೆಯ ಕೆಸರಿನಲ್ಲಿ, ಇನ್ನೊಮ್ಮೆ ಬೀಗರು ನೋಡುತ್ತಿದ್ದಾಗ. ಮಿಕ್ಕಂತೆ ಅದು ಹೊತ್ತದ್ದು ಹಿಪ್ಪುನೇರಳೆ ಸೊಪ್ಪು, ಹಿಂಡಿ ಮೂಟೆ ಮತ್ತು ನನ್ನ ಹೆಂಡತಿ. ಡೀಸೆಲ್ ತೋರಿಸುವ ಮುಳ್ಳು ಸತ್ತು ಬಹಳ ಕಾಲವಾಗಿತ್ತು. ಟ್ಯಾಂಕಿನೊಳಗೆ ಸೀಬೆ ಕಡ್ಡಿ ಇಳಿಸಿ ಎಷ್ಟಿದೆ ಎಂದು ನೋಡುತ್ತಿದ್ದೆ. ಒಂದು ದಿನ ಕಡ್ಡಿ ಇಳಿಸುವುದು ಮರೆತುಹೋಯಿತು. ಅವತ್ತೇ ಮದುವೆಗೆ ಹೊರಟಿದ್ದೆವು. ಸಾವನದುರ್ಗದ ರಸ್ತೆಯಲ್ಲಿ ಜೀಪು ನಿಂತಿತು. ನನ್ನ ಹೆಂಡತಿ ರೇಷ್ಮೆ ಸೀರೆಯನ್ನು ಎತ್ತಿ ಕಟ್ಟಿ ಎರಡು ಮೈಲಿ ನಡೆದಳು. ಮದುವೆಮನೆಯಲ್ಲಿ ಕೊನೆಯ ಪಂಕ್ತಿಗೆ ಕೂತು, ಪಕ್ಕದ ಎಲೆಯಲ್ಲಿದ್ದ ತನ್ನ ತಮ್ಮನಿಗೆ ಎಲ್ಲರಿಗೂ ಕೇಳುವಂತೆ ಹೇಳಿದಳು:

“ಆ ಜೀಪ್ನ ನೀನೇ ಹೊಡ್ಕೊಂಡೋಗ್ಬುಡು ಕಣ್ಲಾ. ನಾನಂತೂ ಇನ್ನ ಅದ್ರಲ್ಲಿ ಕೂರಕ್ಕಿಲ್ಲ.”

ತಮ್ಮನೆಂದರೆ ನನ್ನ ಬಾಮೈದ, ಕನಕಪುರದವನು. ಕಲ್ಲು ಕ್ವಾರಿಗೆ ಟ್ರಾಕ್ಟರ್ ಓಡಿಸುತ್ತಾನೆ. ನನ್ನ ಜೀಪಿನ ಮೇಲೆ ಅವನಿಗೆ ಮೊದಲಿನಿಂದಲೂ ಕಣ್ಣು.

“ನೀನು ಇಷ್ಟು ಬಲವಂತ ಮಾಡಿದ್ ಮೇಲೆ ಇಲ್ಲ ಅನ್ನಕ್ಕಾಯ್ತದಾ ಅಕ್ಕ” ಎಂದು ಪಾಯಸದ ಕೈಯನ್ನೇ ಕೀಲಿಗೆ ಚಾಚಿದ.

ನಾನು ಒಂದು ತಿಂಗಳು ಗಡುವು ಕೇಳಿದೆ. ಪಂದ್ಯ ಇಷ್ಟು: ಕಲ್ಯದಿಂದ ಹೊರಟ ಜೀಪು ಮಾಗಡಿ, ರಾಮನಗರ ದಾಟಿ ಕನಕಪುರದಲ್ಲಿ ಅವನ ಮನೆಯ ಗೇಟಿನೊಳಗೆ ತಾನಾಗಿ ಬರಬೇಕು. ಜೀಪಿನ ಟ್ಯಾಂಕಿಗೆ ಡೀಸೆಲ್ ಅಳೆದು ಹಾಕುವವನು ಅವನೇ, ದಾರಿಯಲ್ಲಿ ಬಂಕಿಗೆ ಹೋಗುವಂತಿಲ್ಲ, ಯಾರೂ ಎಳೆದು ತರುವಂತಿಲ್ಲ. ಬಂದರೆ ಜೀಪು ಉಳಿಯಿತು, ಬಾರದಿದ್ದರೆ ಕೀಲಿ ಅವನದು. ಸಾಕ್ಷಿಯಾಗಿ ಇನ್ನೊಂದೇ ಸಲ ಕೂರಲು ಹೆಂಡತಿ ಒಪ್ಪಿದಳು.

ಎರಡನೇ ಟ್ಯಾಂಕಿನ ವಿದ್ಯೆ ನನಗೆ ಸಿಕ್ಕಿದ್ದು ಸಾವನದುರ್ಗ ನೋಡಲು ಬರುವವರಿಂದ. ಭಾನುವಾರ ಬಂದರೆ ಬೆಂಗಳೂರಿನಿಂದ ಭಾರಿ ಗಾಡಿಗಳು ಬಂದು ಸಾಲಾಗಿ ನಿಲ್ಲುತ್ತವೆ. ಮೈಮೇಲೆ ಏಣಿ, ಸಲಿಕೆ, ಆನೆಯ ಸೊಂಡಿಲಿನಂಥ ಕೊಳವೆ. ಟೈರಿನಲ್ಲಿ ಮಾತ್ರ ಒಂದು ಚಿಟಿಕೆ ಕೆಸರಿಲ್ಲ. ಒಬ್ಬ ಕಪ್ಪು ಕನ್ನಡಕದವನು ಗಾಡಿಯ ಹೊಟ್ಟೆ ತೋರಿಸಿದ.

“ಎಕ್ಸ್‌ಟ್ರಾ ಟ್ಯಾಂಕ್ ಅಂಕಲ್. ಡೆಸರ್ಟ್ ಕೂಡ ಕ್ರಾಸ್ ಮಾಡ್ಬಹುದು.”

“ಮಾಗಡಿ ತಾವ ಡೆಸರ್ಟ್ ಎಲ್ಲೈತಪ್ಪ?”

“ಇಲ್ಲ ಅಂಕಲ್. ಇರ್ಲಿ ಅಂತ.”

ಅವನು ಬಿಡುವಾಗಿ ನೋಡಲು ಬಿಡುವವನಲ್ಲ. ಹಾಗಾಗಿ, ಬಂಡೆಯ ಹಿಂದೆ ಚಿರತೆ ಮರಿ ಹಾಕಿದೆ, ಕೆಳಗೆ ಇಳಿಯಬೇಡಿ ಎಂದೆ. ಮರಳುಗಾಡು ದಾಟುವ ಗಂಡಸರು ಗಾಜು ಏರಿಸಿಕೊಂಡು ಅರ್ಧ ಗಂಟೆ ಕೂತರು. ಅಷ್ಟು ಹೊತ್ತೂ ನಾನು ಗಾಡಿಯ ಕೆಳಗೆ ಅಂಗಾತ ಮಲಗಿ, ಪೈಪು ಎಲ್ಲಿಂದ ಎಲ್ಲಿಗೆ ಹೋಗಿದೆ ಎಂದು ನಿಧಾನವಾಗಿ ಓದಿಕೊಂಡೆ.

ಟ್ಯಾಂಕು ಬಾಮೈದನದೇ. ಅವನ ಹಿತ್ತಲಲ್ಲಿ ಹಳೆಯ ಟ್ರಾಕ್ಟರಿನದೊಂದು ಬಿದ್ದಿತ್ತು. ಹಸುವಿಗೆ ನೀರು ಕುಡಿಸುವುದಕ್ಕೆ ಬೇಕು ಎಂದೆ. ಪಾಪ, ಅವನೇ ಹೊತ್ತು ತಂದು ಜೀಪಿಗೆ ಹಾಕಿದ. ಅದಕ್ಕೆ ಮುಚ್ಚಳ ಮಾತ್ರ ಇರಲಿಲ್ಲ. ಟ್ಯಾಂಕಿನ ಬಾಯಿಗೆ ನನ್ನ ಹೆಂಡತಿಯ ಒಂದು ಬಳೆ ಸರಿಯಾಗಿ ಕೂತಿತು. ಬಳೆಯನ್ನು ಅಳತೆಗೆ ಜೇಬಿಗೆ ಹಾಕಿಕೊಂಡು ಚನ್ನಪಟ್ಟಣಕ್ಕೆ ಹೋದೆ. ಡೀಸೆಲ್ ಟ್ಯಾಂಕಿಗೆ ಎಂದರೆ ಬೊಂಬೆ ಕಡೆಯುವವರು ಎದ್ದು ಹೋಗು ಎನ್ನುತ್ತಾರೆ. ಕುಂಕುಮದ ಭರಣಿಗೆ ಮುಚ್ಚಳ ಬೇಕು ಎಂದೆ. ಅಲ್ಲಿನ ಹಿರಿಯರು ಬಳೆಯನ್ನು ನೋಡಿದರು, ನನ್ನನ್ನು ನೋಡಿದರು.

“ಇಷ್ಟಗಲದ ಭರಣಿನಾ? ನಿಮ್ ಮನೆಯವ್ರ ಹಣೆ ಎಷ್ಟಗಲ ಯಜಮಾನ್ರೇ?”

“ಹಣೆ ಸಣ್ಣದೇ. ಕ್ವಾಪ ದೊಡ್ಡದು.”

ಮರ ಕಡೆದು, ಕೆಂಪು ಹಳದಿ ಅರಗು ಹಚ್ಚಿ ಉಜ್ಜಿ, ಮುಖ ಕಾಣುವಂಥ ಮುಚ್ಚಳ ಮಾಡಿಕೊಟ್ಟರು. “ಒತ್ತಿ ಕೂರ್ಸಿದ್ರೆ ಗಾಳಿನೂ ನುಗ್ಗಕ್ಕಿಲ್ಲ” ಎಂದರು. ನಾನು ಅದನ್ನು ಹೊಗಳಿಕೆ ಎಂದುಕೊಂಡೆ.

ಮನೆಗೆ ಬಂದು ಜೀಪಿನ ಹಿಂದಿನ ಒಂದು ಸೀಟು ಕಿತ್ತು, ಅಲ್ಲೊಂದು ಹಲಗೆ ಹಾಕಿ ಟ್ಯಾಂಕು ಕೂರಿಸಿದೆ. ಸುತ್ತ ಕಬ್ಬಿಣದ ಪಟ್ಟಿ, ಪಟ್ಟಿಯ ಕೆಳಗೆ ಸೈಕಲ್ ಟ್ಯೂಬಿನ ರಬ್ಬರು. ತಳದಿಂದ ಒಂದು ಪೈಪು ಹಳೆಯ ಟ್ಯಾಂಕಿಗೆ, ನಡುವೆ ಒಂದು ನಲ್ಲಿ. ಹಳೆಯದು ಖಾಲಿಯಾಗುತ್ತಾ ಬಂದಾಗ ನಲ್ಲಿ ತಿರುಗಿಸಿದರೆ ಮೇಲಿನದು ಕೆಳಕ್ಕೆ ಇಳಿಯಬೇಕು. ಅದೇ ಹೊತ್ತಿಗೆ ಹೆಂಡತಿ ಹೊಸ ಎಣ್ಣೆ ಡಬ್ಬ ಹಿಡಿದು ಬಂದು ನನ್ನ ಸುತ್ತಿಗೆ, ಮೊಳೆ ಕಿತ್ತುಕೊಂಡಳು. ಡಬ್ಬದ ಈ ಮೂಲೆಗೊಂದು, ಆ ಮೂಲೆಗೊಂದು ತೂತು ಹೊಡೆದಳು.

“ಒಂದ್ ತೂತು ಸಾಲ್ದಾ? ನಿಂದೆಲ್ಲ ದುಂದು” ಎಂದೆ.

“ಇದು ಎಣ್ಣೆ ಸುರಿಯೋ ಡಬ್ಬ. ನಿಮ್ ಜೀಪಲ್ಲ ನಿಂತ್ಕೊಳಕ್ಕೆ.”

ನಾನು ನಕ್ಕು ನಲ್ಲಿಯನ್ನು ಪರೀಕ್ಷಿಸಿದೆ. ಡೀಸೆಲ್ ಚೆನ್ನಾಗಿ ಇಳಿಯಿತು. ಹೊಸ ಮುಚ್ಚಳಕ್ಕೆ ಕೊಳೆಯಾಗದಿರಲಿ ಎಂದು ಅದನ್ನು ಪೇಪರಿನಲ್ಲಿ ಸುತ್ತಿ ಇಟ್ಟಿದ್ದೆ. ಹೊರಡುವ ಬೆಳಿಗ್ಗೆ ಅರಿಶಿನ ಹಚ್ಚಿ ಒತ್ತಿ ಕೂರಿಸಿದೆ.

ಬಾಮೈದ ಹಿಂದಿನ ದಿನವೇ ಬಂದಿದ್ದ. ತನ್ನ ಟ್ಯಾಂಕನ್ನು ಕಂಡು “ಭಾವ, ನಿಮ್ ಹಸ ಡೀಸೆಲ್ ಕುಡಿತದಾ?” ಎಂದ. ಹಳೆಯ ಟ್ಯಾಂಕನ್ನು ಬರಿದು ಮಾಡಿ ಅವನ ಕೈಯಾರೆ ಐದೇ ಲೀಟರ್ ಅಳೆದು ಹಾಕಿದ. ಆಮೇಲೆ ಟ್ರಾಕ್ಟರ್ ಎಳೆಯುವ ಹಗ್ಗವನ್ನು ತೊಡೆಯ ಮೇಲಿಟ್ಟುಕೊಂಡು ಹಿಂದೆ ಕೂತ. ರಾಮನಗರದವರೆಗೆ ಆ ಹಗ್ಗವನ್ನು ಮಗುವಿನ ಹಾಗೆ ಸವರುತ್ತಿದ್ದ.

ರಾಮನಗರ ದಾಟಿ ಕನಕಪುರದ ರಸ್ತೆ ಹಿಡಿದಾಗ ನಾನು ಮೀಸೆ ತಿರುವಿ ನಲ್ಲಿ ತಿರುಗಿಸಿದೆ. ನಾಲ್ಕೈದು ಮೈಲಿಯಾಗಿರಬೇಕು. ಜೀಪು ಎರಡು ಸಲ ಬಿಕ್ಕಳಿಸಿ, ಒಂದು ಹಿಪ್ಪುನೇರಳೆ ತೋಟದ ಪಕ್ಕ ನಿಂತುಬಿಟ್ಟಿತು.

ಮೇಲಿನ ಟ್ಯಾಂಕು ತುಂಬಿತ್ತು. ತಟ್ಟಿದರೆ ತುಂಬಿದ ಸದ್ದು. ನಲ್ಲಿ ಪೂರ್ತಿ ತೆರೆದಿತ್ತು. ಕೆಳಗಿನ ಟ್ಯಾಂಕಿಗೆ ಇಳಿಸಿದ ಕಡ್ಡಿ ಮಾತ್ರ ಒಣಗಿದ ಹಾಗೇ ಮೇಲೆ ಬಂತು. ಬಾಮೈದ ಆಗಲೇ ಫೋನಿನಲ್ಲಿದ್ದ.

“ಟ್ರಾಕ್ಟ್ರು ತಕ್ಕಂಡ್ ಬಾ. ಹಗ್ಗ ಬ್ಯಾಡ, ನನ್ತಾವೇ ಐತೆ.” ನನ್ನ ಕಡೆ ತಿರುಗಿ, “ಒಸಿ ನೆರಳಲ್ಲಿ ಕೂತ್ಕಳಿ ಭಾವ, ಅರ್ಧ ಗಂಟೇಲಿ ಬತ್ತದೆ.”

ನನಗೆ ಗಾಬರಿಯಾಗಲಿಲ್ಲ. ನನ್ನ ತಲೆ ಎಂಥದೆಂದು ಸಾವನದುರ್ಗದ ಚಿರತೆಗೂ ಗೊತ್ತು. ಒಂದು ನಿಮಿಷ ಗಡ್ಡ ಕೆರೆದುಕೊಂಡೆ, ತಟ್ಟನೆ ಹೊಳೆಯಿತು. ಗಾಳಿ ಒಳಗೆ ಹೋಗದೆ ಡೀಸೆಲ್ ಹೊರಗೆ ಬರುವುದು ಹೇಗೆ? ಭರಣಿಯ ಮುಚ್ಚಳ ಕಚ್ಚಿಕೊಂಡಿತ್ತು. ತಿರುಚಿ ಎಳೆದಾಗ ಟ್ಯಾಂಕು ಸುಯ್ ಎಂದು ಉಸಿರೆಳೆದುಕೊಂಡಿತು, ಪೈಪಿನಲ್ಲಿ ಗುಳುಗುಳು ಶುರುವಾಯಿತು. ಸ್ಕ್ರೂಡ್ರೈವರಿನಿಂದ ಆ ಚಂದದ ಮುಚ್ಚಳದ ನಡುನೆತ್ತಿಗೆ ತೂತು ಕೊರೆದದ್ದಾಯಿತು. ಪೈಪಿನಲ್ಲಿ ಹಿಡಿದಿದ್ದ ಏರ್ ತೆಗೆಯಲು ಇಂಜಿನ್ನಿನ ಪಕ್ಕದ ಕೈ ಪಂಪು ಒತ್ತಿ ಒತ್ತಿ ನನ್ನ ಹೆಬ್ಬೆರಳು ಊದಿಕೊಂಡಿತು. ಎದುರಿಗೆ ಟ್ರಾಕ್ಟರ್ ಕಾಣಿಸಿಕೊಳ್ಳುವುದಕ್ಕೂ ಜೀಪು ಕೆಮ್ಮಿ ಎದ್ದು ಕೂರುವುದಕ್ಕೂ ಸರಿಹೋಯಿತು. ಕನಕಪುರದ ಗೇಟಿನೊಳಗೆ ಹಾರ್ನ್ ಹೊಡೆದುಕೊಂಡು ನುಗ್ಗಿದೆವು. ಬೇಡದಿದ್ದರೂ ಗಿಡ್ಡ ಕೋಲನ್ನು ಎಳೆದೆ. ಅದು ಮೂರನೇ ಸಲ. ಬಾಮೈದ ಹಗ್ಗವನ್ನು ಸುತ್ತಿಕೊಂಡು ಒಳಗೆ ಹೋದ. ಅವತ್ತು ಅವನ ಮನೆಯ ಬಾಡೂಟದಲ್ಲಿ ನನಗೆ ಮೂಳೆಯೇ ಹೆಚ್ಚು ಬಿತ್ತು.

ಇನ್ನು ಸುಳ್ಳು. ನೀವು ಬಳೆಯನ್ನೋ ಚಿರತೆಯನ್ನೋ ಅನುಮಾನಿಸಿ ಕೂತಿರುತ್ತೀರಿ. ಅವೆಲ್ಲ ನಡೆದದ್ದೇ. ನನಗೆ ತಟ್ಟನೆ ಹೊಳೆಯಿತು ಎಂದೆನಲ್ಲ, ಅದೊಂದು ನಾನು ಕಟ್ಟಿದ್ದು. ಆ ಹೊತ್ತಿನಲ್ಲಿ ನಾನು ಜೀಪಿನ ಕೆಳಗೆ ಮಲಗಿ ಪೈಪು ಬಾಯಿಗಿಟ್ಟು ಹೀರುತ್ತಿದ್ದೆ. ಬಾಯಿ ತುಂಬ ಡೀಸೆಲ್, ಮೇಲೆ ಬಾಮೈದನ ನಗು. ಹೆಂಡತಿ ಜೀಪಿನಿಂದ ಇಳಿದಳು.

“ನಗ್ಬೇಡ ಕಣ್ಲಾ. ಅವ್ರನ್ನ ನಾನು ಬಯ್ಬೋದು, ನೀನು ನಗಂಗಿಲ್ಲ” ಎಂದು ತಮ್ಮನಿಗೆ ಗದರಿದಳು. ಆಮೇಲೆ ಹೋಗಿ ಮುಚ್ಚಳ ಕಿತ್ತವಳು ಅವಳು, ತೂತು ಕೊರೆದವಳೂ ಅವಳು.

ಜೀಪು ಈಗಲೂ ನಮ್ಮ ಅಂಗಳದಲ್ಲೇ ಇದೆ. ಕೀಲಿ ಅಂದಿನಿಂದ ಅವಳ ಸೊಂಟದಲ್ಲಿ, ಬೀರುವಿನ ಕೀಲಿಯ ಜೊತೆ. ಗಾಡಿ ತೆಗೆಯಬೇಕಾದರೆ ಕೇಳಬೇಕು. ಕೇಳಿದಾಗಲೆಲ್ಲ ಅವಳದು ಒಂದೇ ಪ್ರಶ್ನೆ, “ಎಣ್ಣೆ ಡಬ್ಬಕ್ಕೆ ಎಷ್ಟು ತೂತು?”

ಎರಡು ಎನ್ನುತ್ತೇನೆ. ಕೀಲಿ ಕೊಡುತ್ತಾಳೆ.