ಕರೆಂಟು ಹೋದರೆ ಮರೆಯುವ ಚಿಪ್

ನಾನು ಕ್ಷಮಿಸುವ ಪೈಕಿಯವಳಲ್ಲ. ಅದನ್ನು ಮೊದಲೇ ಹೇಳಿಬಿಡುತ್ತೇನೆ.

ಚಿಕ್ಕಬಳ್ಳಾಪುರದ ಹತ್ತಿರ ಒಂದು ಇಂಜಿನಿಯರಿಂಗ್ ಕಾಲೇಜಿನಲ್ಲಿ ಪಾಠ ಮಾಡುತ್ತೇನೆ. ಬೇಕೆಂದಾಗ ಬೇರೆಯದೇ ಸರ್ಕ್ಯೂಟ್ ಆಗಿ ಬದಲಾಗುವ ಚಿಪ್‌ಗಳೆಂದರೆ ನನಗೆ ಹುಚ್ಚು. ಅಂಥದೊಂದನ್ನು ಇಟ್ಟುಕೊಂಡು ರೇಷ್ಮೆಗೂಡು ವಿಂಗಡಿಸುವ ಯಂತ್ರ ಮಾಡಿದೆ. ಚಿಪ್ ಚಿಕ್ಕದು, ಕೆಲಸ ದೊಡ್ಡದು. ಹಾಗಾಗಿ ಅದರ ಒಂದೇ ಜಾಗ ಮೊದಲು ಗೂಡಿನ ಗಾತ್ರ ಅಳೆಯುತ್ತದೆ, ಮರುಗಳಿಗೆ ಬದಲಾಗಿ ಕಲೆ ಹುಡುಕುತ್ತದೆ. ಒಂದೇ ಒಲೆಯ ಮೇಲೆ ಮೊದಲು ಸಾರು, ಆಮೇಲೆ ಮುದ್ದೆ. ಈ ವಿನ್ಯಾಸ ಕೈಗೆ ಹತ್ತಲು ಎರಡು ವರ್ಷ ಹಿಡಿಯಿತು.

ಶಿಡ್ಲಘಟ್ಟದಲ್ಲಿ ಗೂಡಿನಿಂದ ನೂಲು ತೆಗೆಯುವ ಒಂದು ರೀಲಿಂಗ್ ಘಟಕದಲ್ಲಿ ಅದರ ಪ್ರದರ್ಶನ ನಿಗದಿಯಾಯಿತು. ಪೋಸ್ಟರಿನಲ್ಲಿ ನಮ್ಮ ವಿಭಾಗದ ಮುಖ್ಯಸ್ಥರ ಹೆಸರೊಂದೇ ಇತ್ತು. ಕೇಳಿದ್ದಕ್ಕೆ, "ಯಾರ ಹೆಸರಾದ್ರೇನಮ್ಮ, ಡಿಪಾರ್ಟ್‌ಮೆಂಟಿಗೆ ಒಳ್ಳೇದಾದ್ರೆ ಸಾಕಲ್ವಾ?" ಎಂದರು.

ಪ್ರದರ್ಶನದ ದಿನ ಬೆಳಗ್ಗೆ ಲ್ಯಾಪ್‌ಟಾಪಿನಿಂದ ಚಿಪ್‌ಗೆ ವಿನ್ಯಾಸ ತುಂಬಿದೆ. ಕರೆಂಟು ಹೋದರೆ ಚಿಪ್ ಎಲ್ಲವನ್ನೂ ಮರೆಯುತ್ತದೆ. ಪಕ್ಕದ ಕಾಯಂ ಮೆಮೊರಿಯಲ್ಲಿ ಒಂದು ಪ್ರತಿ ಬರೆದಿಟ್ಟರೆ ಮಾತ್ರ ತಾನೇ ಮತ್ತೆ ಓದಿಕೊಳ್ಳುತ್ತದೆ. "ಅಲ್ಲೂ ಬರೆದುಬಿಡ್ಲಾ ಸರ್?" ಎಂದು ಮುಖ್ಯಸ್ಥರನ್ನು ಕೇಳಿದೆ.

"ಓಡ್ತಾ ಇದ್ಯಲ್ಲ, ಬಿಡಮ್ಮ. ಹೋಗಿ ಬಂದೋರಿಗೆ ಕಾಫಿ ನೋಡ್ಕೋ."

ಕರೆಂಟು ಹೋದರೆ ಏನಾಗುತ್ತದೆಂದು ಬಾಯಿಬಿಡಲಿಲ್ಲ. ಲ್ಯಾಪ್‌ಟಾಪನ್ನು ಬ್ಯಾಗಿಗೆ ಹಾಕಿಕೊಂಡು ಕಾಫಿ ನೋಡಿಕೊಂಡೆ.

ಅವರ ಭಾಷಣದ ನಡುವೆ ಕರೆಂಟು ಹೋಯಿತು, ಹತ್ತು ನಿಮಿಷಕ್ಕೆ ಬಂತು. ಯಂತ್ರದ ಬೆಲ್ಟೇನೋ ಓಡಿತು. ಆದರೆ ಒಳ್ಳೆಯ ಗೂಡು, ಕಲೆ ಗೂಡು ಎಲ್ಲ ಒಂದೇ ಬುಟ್ಟಿಗೆ ಬಿದ್ದವು. ಪಕ್ಕದಲ್ಲಿ ಗೂಡು ಆರಿಸುತ್ತಿದ್ದ ಹೆಂಗಸು, "ಇದಕ್ಕಿಂತ ನಮ್ ಕೈಯೇ ವಾಸಿ ಕಣಪ್ಪ" ಎಂದು ನಕ್ಕಳು. ಮುಖ್ಯಸ್ಥರು ಇದ್ದಬದ್ದ ಗುಂಡಿಗಳನ್ನೆಲ್ಲ ಒತ್ತಿದರು. ಉಪ್ಪು ತಿಂದವರು ನೀರು ಕುಡಿಯಲೇಬೇಕು. ಸುಳ್ಳೇಕೆ ಹೇಳಲಿ, ನನಗೆ ಹಾಯೆನಿಸಿತು.

ಕೊನೆಗೆ ನನ್ನ ಹತ್ತಿರ ಬಂದು, "ಬೇಗ ಸರಿ ಮಾಡಮ್ಮ" ಎಂದು ಪಿಸುಗುಟ್ಟಿದರು.

"ಇದನ್ನ ಮಾಡಿದ್ದು ಯಾರು ಅಂತ ಹೇಳಿ ಸರ್. ಎಲ್ರಿಗೂ ಕೇಳೋ ಹಾಗೆ."

ನೆಲ ನೋಡಿಕೊಂಡು ಹೇಳಿದರು. ನಾನು ಲ್ಯಾಪ್‌ಟಾಪ್ ತೆಗೆದೆ. ಎರಡು ನಿಮಿಷದಲ್ಲಿ ಗೂಡುಗಳು ಬೇರೆಬೇರೆ ಬುಟ್ಟಿಗೆ ಬಿದ್ದವು.

ಯಂತ್ರ ಈಗ ಕಾಲೇಜಿನ ಲ್ಯಾಬಿನಲ್ಲಿದೆ. ಯಾರಾದರೂ ನೋಡಲು ಬಂದಾಗಲೆಲ್ಲ ಮುಖ್ಯಸ್ಥರೇ ನನ್ನ ಕೋಣೆಯ ಬಾಗಿಲಿಗೆ ಬರುತ್ತಾರೆ. "ಮೇಡಂ, ಒಂದ್ನಿಮಿಷ ಬರ್ತೀರಾ?"

ಕಾಯಂ ಮೆಮೊರಿಗೆ ಬರೆಯುವುದು ಐದು ನಿಮಿಷದ ಕೆಲಸ. ಇನ್ನೂ ಬರೆದಿಲ್ಲ.