ದೆವ್ವ ಬಂದಾಗ ಎಳೆಯುತ್ತಿದ್ದ ಪರದೆ

ಆಗ ಕೊಪ್ಪಳದಲ್ಲಿ ಸಿನಿಮಾ ತೋರಿಸುತ್ತಿದ್ದದ್ದು ಹತ್ತಿ ಗಿರಣಿಯ ಹಿಂದಿನ ಗೋದಾಮಿನಲ್ಲಿ. ಕುಳಿತು ಎದ್ದರೆ ಸೀರೆಗೆಲ್ಲ ಅರಳೆ. ಹೆಂಗಸರಿಗೆ ಬೇರೆಯೇ ಒಂದು ಬದಿ, ಅದಕ್ಕೆ ಜನಾನಾ ಎನ್ನುತ್ತಿದ್ದರು. ಅದರ ಮುಂದೆ ತಂತಿಗೆ ಪೋಣಿಸಿದ ಹಿತ್ತಾಳೆ ಉಂಗುರಗಳ ಪರದೆ. ದೀಪ ಹತ್ತಿದಾಗ ನಾವು ಗಂಡಸರ ಕಣ್ಣಿಗೆ ಬೀಳದಂತೆ ಅದನ್ನು ಎಳೆಯುವುದು, ಕತ್ತಲಾಗಿ ಚಿತ್ರ ಶುರುವಾದಾಗ ಸರಿಸುವುದು ರೂಢಿ.

ಒಂದು ಬೇಸಿಗೆಯಲ್ಲಿ ದೆವ್ವದ ಹಿಂದುಸ್ತಾನಿ ಚಿತ್ರ ಬಂತು. ನಾಲ್ಕು ಬಿಡಿ ಕತೆಗಳು; ಹೆದರಿಸುತ್ತಲೇ ನಗಿಸುತ್ತವೆ ಎಂದು ನೋಡಿ ಬಂದ ಗಂಡಸರು ಹೇಳಿದರು. ಮೊದಲ ದಿನ ಮಧ್ಯಾಹ್ನದ ಆಟದಲ್ಲಿ ಗಿಣಿಗೇರಾದ ಒಬ್ಬ ಹೆಂಗಸು ಎಚ್ಚರ ತಪ್ಪಿದಳು. ಏಕಾದಶಿಯ ಉಪವಾಸದಲ್ಲಿ ಬಿಸಿಲಲ್ಲಿ ನಡೆದು ಬಂದಿದ್ದಳೆಂದು ಹೆಂಗಸರಿಗೆಲ್ಲ ಗೊತ್ತಿತ್ತು. ಗಂಡಸರು ಮಾತ್ರ ದೆವ್ವಕ್ಕೇ ಹೆದರಿದಳೆಂದು ತೀರ್ಮಾನಿಸಿದರು. ಮರುದಿನದಿಂದ ಹೊಸ ಬಂದೋಬಸ್ತು: ದೆವ್ವ ಬಂದಾಗಲೆಲ್ಲ ಬಾಗಿಲು ಕಾಯುವವನು ಜನಾನಾ ಪರದೆ ಎಳೆಯಬೇಕು.

ನನ್ನ ಅತ್ತೆಗೆ ಆ ಚಿತ್ರ ನೋಡಲೇಬೇಕಾಗಿತ್ತು. ಎಡಗಣ್ಣು ಪೊರೆ ಬಂದು ಹೋಗಿತ್ತು, ಬಲಗಣ್ಣೂ ಮಂಜಾಗುತ್ತಿತ್ತು.

"ಕಣ್ಣು ಇರೂತನಾ ಒಮ್ಮೆ ದೆವ್ವದ ಮಾರಿ ನೋಡತೀನಿ" ಎಂದರು. "ನಾಳೆ ಅವರ ಜೋಡಿನ ಇರಬೇಕಲ್ಲ, ಗುರ್ತು ಬ್ಯಾಡೇನು?"

ಮಾವನವರು ಒಪ್ಪಿದರು. "ಹೋಗ್ರಿ. ಆದ್ರ ಅಲ್ಲಿ ನಮ್ಮ ಮನಿ ಹೆಸರು ಯಾರರ ಬಾಯಾಗ ಬಂತಂದ್ರ ಇದ ಕಡೀ ಸಿನಿಮಾ."

ಮೊದಲ ಕತೆಯಲ್ಲಿ ಹೆಣ ಹೊತ್ತು ಸಾಗುತ್ತಿದ್ದರು. ಹೆಣದ ಹೆಬ್ಬೆರಳು ಅಲುಗಿತು, ಪರದೆ ಬಂತು. ಆಚೆ ಒಂದು ಕಿರುಚು, ಹಿಂದೆಯೇ ಗಂಡಸರ ನಗು. ಪರದೆ ಸರಿದಾಗ ಚಟ್ಟ ಖಾಲಿ, ಹೊತ್ತವರು ಓಡುತ್ತಿದ್ದರು.

"ಏನಾತ?" ಎಂದರು ಅತ್ತೆ.

ಸಿಕಂದರಾಬಾದಿನ ಕಾನ್ವೆಂಟಿನಲ್ಲಿ ಓದಿದವಳಾದ್ದರಿಂದ ನನಗೆ ಹಿಂದುಸ್ತಾನಿ ತಿಳಿಯುತ್ತಿತ್ತು. "ದಾರಿ ತಪ್ಪೀರಿ ಅಂತ ಹೆಣ ಅವರಿಗೆ ಬೈತ್ರಿ."

"ಎದ್ದು ಕುಂತು ಬೈತೋ, ಮಲಕೊಂಡು ಬೈತೋ?"

"ಕಾಣಲಿಲ್ರಿ."

ಎರಡನೆಯದು, ಮೂರನೆಯದು ಹೀಗೇ ಹೋದವು. ನಾನು ನೋಡಿದ್ದು ಪರದೆಯ ಅಂಚಿನ ಸೊಟ್ಟ ಹೊಲಿಗೆಯನ್ನು. ಕಾನ್ವೆಂಟಿನ ಸಿಸ್ಟರುಗಳಾಗಿದ್ದರೆ ಬಿಚ್ಚಿಸಿ ಮತ್ತೆ ಹೊಲಿಸುತ್ತಿದ್ದರು.

ಕೊನೆಯದು ಸತ್ತ ಅತ್ತೆಯೊಬ್ಬಳ ಕತೆ. ಸೊಸೆ ಸಾರು ಮಾಡುತ್ತಿದ್ದಾಳೆ. ಸೌಟು ತಾನಾಗಿ ಮೇಲೆದ್ದಿತು. ಬಾಗಿಲವನ ಕೈ ಪರದೆಗೆ ಬಂತು. ಅತ್ತೆ ಬಲಗಣ್ಣು ಕಿರಿದು ಮಾಡಿ ಮುಂದಕ್ಕೆ ಬಾಗಿದ್ದರು. ನಾನು ಎದ್ದು ಪರದೆ ಹಿಡಿದೆ.

"ಬಿಡ್ರಿ ಯವ್ವಾ, ಮಾಲಕರ ಹುಕುಂ ಐತಿ."

"ಇರಲಿ. ನಮ್ಮ ಅತ್ತಿಯವರು ನೋಡಬೇಕು."

"ಹೆದರಿ ಬಿದ್ದರ ಯಾರು ಜವಾಬ್ದಾರಿ?"

ಹಿಂದಿನಿಂದ ಅತ್ತೆ, "ತಮ್ಮಾ, ನಾಕು ಹಡದು ಎರಡು ಮಣ್ಣು ಮಾಡೀನಿ. ಆ ಮುದುಕಿಗೆ ಹೆದರತೀನೇನು? ಸರಿ ಅತ್ಲಾಗ" ಎಂದರು.

"ಯಾರ ಮನಿಯವರ್ರಿ ನೀವು? ಬಂದು ಹೇಳತೀನಿ."

ಅವನು ನಾನು ಸುಮ್ಮನಾಗುತ್ತೇನೆಂದುಕೊಂಡಿದ್ದ. ದನಿ ಎತ್ತದೆ ಒಂದೊಂದು ಅಕ್ಷರವನ್ನೂ ಬಿಡಿಸಿ ಹೇಳುವುದನ್ನು ಕಾನ್ವೆಂಟಿನಲ್ಲಿ ನಮಗೆ ಕಲಿಸಿದ್ದರು. ಹಾಗೆಯೇ ಓಣಿಯ ಹೆಸರು, ಮಾವನವರ ಹೆಸರು ಹೇಳಿದೆ. ಗೋದಾಮಿಗೆಲ್ಲ ಕೇಳಿಸಿತು. ಆಮೇಲೆ ತಂತಿಯನ್ನು ಮೊಳೆಯಿಂದ ಬಿಡಿಸಿ, ಉಂಗುರಗಳನ್ನು ಜಾರಿಸಿ, ಪರದೆಯನ್ನು ನಾಲ್ಕು ಮಡಿಕೆ ಮಾಡಿ, ಎತ್ತರವಾಗಲೆಂದು ಅತ್ತೆಯ ಕೆಳಗೆ ಹಾಸಿದೆ.

ಹಿಟ್ಟು ಬಳಿದ ಮುಖದ ದೆವ್ವ ಸಾರು ರುಚಿ ನೋಡಿ ಉಪ್ಪು ಕಡಿಮೆ ಎಂದಿತು. ಸೊಸೆ ಸೆರಗು ಎಳೆದುಕೊಂಡು, ಸುಡುಗಾಡಿನಲ್ಲಿ ಯಾರು ಮಾಡಿ ಹಾಕುತ್ತಾರೋ ಅವರನ್ನೇ ಕೇಳಿ ಎಂದಳು. ನಾನು ಕನ್ನಡಕ್ಕೆ ತಿರುಗಿಸಿ ಹೇಳುತ್ತಲೇ ಜನಾನಾ ಪೂರ್ತಿ ನಕ್ಕಿತು. ಯಾರೂ ಬೀಳಲಿಲ್ಲ.

"ಮುದುಕಿ ಮೂಗಬಟ್ಟು ಛಲೋ ಹಾಕ್ಯಾಳ" ಎಂದರು ಅತ್ತೆ.

ನಾವು ಮನೆ ಮುಟ್ಟುವ ಮೊದಲೇ ಸುದ್ದಿ ಮುಟ್ಟಿತ್ತು. ಮಾವನವರು ಕಟ್ಟೆಯ ಮೇಲೆ ಕುಳಿತಿದ್ದರು.

"ಹೆಸರು ಹೇಳಿದವರ್ಯಾರು?"

"ನಾನ್ರಿ."

"ಹಂಗಾರ ಇದ ಕಡೀ."

"ಇಲ್ರಿ ಮಾವಾರ. ಅತ್ತಿಯವರು ಮೂರು ದೆವ್ವ ನೋಡೋದು ಉಳದೈತಿ. ನಾಳೆ ಮತ್ತ ಹೋಗತೀವ್ರಿ."

ಅವರ ಎದುರು ಇಲ್ಲ ಎಂದದ್ದು ಅದೇ ಮೊದಲು. ಮಾತು ತಡವರಿಸಲಿಲ್ಲ. ಅವರು ನನ್ನನ್ನು ನೋಡಿದರು, ಕಾಲು ತೊಳೆಯುತ್ತಿದ್ದ ಅತ್ತೆಯನ್ನು ನೋಡಿದರು, ಎದ್ದು ಒಳಗೆ ಹೋದರು.

ಮರುದಿನ ಊಟಕ್ಕೂ ಮೊದಲೇ ಅತ್ತೆ ಇಳಕಲ್ ಸೀರೆ ಉಟ್ಟು ಕುಳಿತಿದ್ದರು. ಗೋದಾಮಿನಲ್ಲಿ ಆವತ್ತು ಯಾರೂ ಪರದೆಗೆ ಕೈ ಹಾಕಲಿಲ್ಲ. ಹೆಣ ಎದ್ದು ಕುಳಿತೇ ಬೈಯಿತು; ಅವರು ಕಣ್ಣಾರೆ ನೋಡಿದರು.